ಹಬೆಯ ಬುಗುರಿ

ಕಡಲಿನಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿರುವ ನರೇಗಲ್ಲಿನಂಥ ಎರೆನೆಲದ ಊರಿನಲ್ಲಿ ಕುಳಿತು ಹಡಗೊಂದರ ಕಥೆಯನ್ನು ಬರೆಯಹೊರಟದ್ದು ಕೆಲವರಿಗೆ ಸೋಜಿಗವಾಗಿ ತೋರಬಹುದು. ನಮ್ಮ ಕಡೆ ನೀರೆಂದರೆ ಕೆರೆಯ ನೀರು. ಅದೂ ಮಳೆ ಕೃಪೆದೋರಿದ ವರ್ಷ ಮಾತ್ರ. ಆದರೆ ಟರ್ಬೈನ್ ಎಂಬ ಶಬ್ದವು ಈ ಸೀಮೆಗೆ ಹೊಸತಲ್ಲ. ಗಜೇಂದ್ರಗಡದ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ಕುರಿ ಕಾಯುವ ಹುಡುಗನೂ ಬಲ್ಲನು. ಕನ್ನಡ ಕಲಿಸುವವನಾದ ನನಗೆ ಯಂತ್ರಕ್ಕಿಂತ ಶಬ್ದದ ಮೇಲೆ ಮೋಹ ಹೆಚ್ಚು. ಲ್ಯಾಟಿನ್ ಭಾಷೆಯಲ್ಲಿ ಟರ್ಬೊ ಎಂದರೆ ಸುಳಿ, ಸುಂಟರಗಾಳಿ, ಹಾಗೆಯೇ ಮಕ್ಕಳಾಡುವ ಬುಗುರಿ. ಈ ಬುಗುರಿಯ ಬೆನ್ನು ಹತ್ತಿ ಹೋದವನಿಗೆ ಸಿಕ್ಕಿದ್ದು ಒಬ್ಬ ಮನುಷ್ಯನ ಬಾಳು. ಹಬೆಯಿಂದ ಬುಗುರಿಯಾಡಿಸಿ, ಆ ಬುಗುರಿಯನ್ನು ಒಂದು ಕಿರಿದಾದ ದೋಣಿಯ ಒಡಲಲ್ಲಿರಿಸಿ, ತನ್ನ ಕಾಲದ ಸಮಸ್ತ ಹಡಗುಗಳನ್ನೂ ಹಿಂದಿಕ್ಕಿದ ಆತನ ಹೆಸರು ಸರ್ ಚಾರ್ಲ್ಸ್ ಅಲ್ಜರ್ನಾನ್ ಪಾರ್ಸನ್ಸ್.

ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಹೆಸರು ಪಠ್ಯಪುಸ್ತಕದಿಂದ ಪರಿಚಿತ. ಉಳಿದವರು ಬಲ್ಲುದು ಒಂದೇ ಒಂದು ಪ್ರಸಂಗವನ್ನು: ರಾಣಿಯ ನೌಕಾಪ್ರದರ್ಶನದಲ್ಲಿ ಕರೆಯದೆ ಬಂದ ಅತಿಥಿಯಂತೆ ನುಗ್ಗಿ ಯುದ್ಧನೌಕೆಗಳನ್ನು ನಾಚಿಸಿದ ಪ್ರಸಂಗ. ಅದನ್ನು ಹುಡುಗಾಟದ ಕಥೆಯೆಂಬಂತೆ ಹೇಳುವುದು ವಾಡಿಕೆ. ನನ್ನ ಮಟ್ಟಿಗೆ ಆ ಒಂದು ಮಧ್ಯಾಹ್ನಕ್ಕಿಂತ ಅದರ ಹಿಂದಿನ ಎರಡು ವರ್ಷಗಳ ಸೋಲು ಹಿರಿದು.

ಪಾರ್ಸನ್ಸನು ಹುಟ್ಟಿದ್ದು 1854ರ ಜೂನ್ 13ರಂದು, ಲಂಡನ್ನಿನಲ್ಲಿ. ಬೆಳೆದದ್ದು ಐರ್ಲೆಂಡಿನ ಬರ್ ಎಂಬಲ್ಲಿಯ ಕೋಟೆಮನೆಯಲ್ಲಿ. ತಂದೆ ರಾಸ್ ಸಂಸ್ಥಾನದ ಮೂರನೆಯ ಅರ್ಲ್. ಸಿರಿವಂತರು ಬೇಟೆ ಜೂಜುಗಳಲ್ಲಿ ಹೊತ್ತು ಕಳೆಯುತ್ತಿದ್ದ ಆ ಕಾಲದಲ್ಲಿ ಈ ದೊರೆ ತನ್ನ ಅಂಗಳದಲ್ಲಿಯೇ ಲೋಹ ಕರಗಿಸಿ, ಕನ್ನಡಿ ಉಜ್ಜಿ, ಆರು ಅಡಿ ಅಗಲದ ದರ್ಪಣವುಳ್ಳ ದೂರದರ್ಶಕವನ್ನು 1845ರಲ್ಲಿ ಸಿದ್ಧಪಡಿಸಿದ್ದನು. ಅದು ಎಪ್ಪತ್ತು ವರ್ಷಗಳವರೆಗೆ ಜಗತ್ತಿನಲ್ಲಿಯೇ ದೊಡ್ಡದಾಗಿ ಉಳಿಯಿತು. ತಾಯಿ ಮೇರಿ ಛಾಯಾಗ್ರಹಣದ ಆದ್ಯರಲ್ಲೊಬ್ಬಳು. ಇಂಥ ಮನೆಯ ಕಿರಿಯ ಮಗನು ಶಾಲೆಗೆ ಹೋಗಲಿಲ್ಲ. ಖಗೋಳಶಾಸ್ತ್ರಜ್ಞರೇ ಮನೆಗೆ ಬಂದು ಪಾಠ ಹೇಳಿದರು. ಆದರೆ ಆತನ ನಿಜವಾದ ಪಾಠಶಾಲೆ ಕೋಟೆಯೊಳಗಿನ ಕುಲುಮೆ ಮತ್ತು ಕಮ್ಮಟಗಳೇ ಎಂದು ತೋರುತ್ತದೆ. ಕೈಯಲ್ಲಿ ಮಾಡದೆ ತಲೆಯಲ್ಲಿ ತಿಳಿಯಿತೆನ್ನುವ ವಿದ್ಯೆಯನ್ನು ಆತ ಕೊನೆಯವರೆಗೂ ನಂಬಲಿಲ್ಲ.

ಆ ಮನೆಯಲ್ಲಿಯೇ ಒಂದು ದುರಂತವೂ ನಡೆಯಿತು. ತಂದೆ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಮನೆಯಲ್ಲಿಯೇ ಕಟ್ಟಿದ ಹಬೆಯ ಗಾಡಿಯೊಂದಿತ್ತು. 1869ರ ಆಗಸ್ಟ್ 31ರಂದು ಹುಡುಗರೂ ಅವರ ಉಪಾಧ್ಯಾಯನೂ ಆ ಗಾಡಿಯಲ್ಲಿ ಊರ ಬೀದಿಗೆ ಹೊರಟಾಗ ಬಂಧುವಾದ ಮೇರಿ ವಾರ್ಡ್ ಎಂಬಾಕೆಯೂ ತನ್ನ ಪತಿಯೊಡನೆ ಕೂಡ ಹತ್ತಿದಳು. ಆಕೆ ಸಾಮಾನ್ಯಳಲ್ಲ, ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ತಾನೇ ಚಿತ್ರಿಸಿ ಗ್ರಂಥಗಳನ್ನು ಬರೆದವಳು. ತಿರುವಿನಲ್ಲಿ ಗಾಡಿ ಜಗ್ಗಿತು, ಆಕೆ ಕೆಳಗುರುಳಿದಳು, ಕಬ್ಬಿಣದ ಗಾಲಿ ಮೈಮೇಲೆ ಹಾಯಿತು. ಯಂತ್ರವಾಹನದ ಅಪಘಾತದಲ್ಲಿ ಪ್ರಾಣ ಬಿಟ್ಟವರಲ್ಲಿ ಆಕೆಯೇ ಮೊದಲಿಗಳೆಂದು ಇಂದಿಗೂ ಹೇಳುವುದುಂಟು. ಅಂದು ಚಾರ್ಲ್ಸನಿಗೆ ಹದಿನೈದು ವರ್ಷ. ವೇಗದ ಯಂತ್ರಗಳಲ್ಲಿಯೇ ಆಯುಷ್ಯ ಸವೆಸಿದವನು ಹದಿನೈದನೆಯ ವಯಸ್ಸಿಗೇ ವೇಗದ ಬೆಲೆಯನ್ನು ಕಣ್ಣಾರೆ ಕಂಡಿದ್ದನೆಂಬುದನ್ನು ಆತನ ಕಥೆ ಹೇಳುವವರು ಮರೆಯಬಾರದು.

ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿಯೂ ಅನಂತರ ಕೇಂಬ್ರಿಜ್ಜಿನಲ್ಲಿಯೂ ಓದಿ, 1877ರಲ್ಲಿ ಗಣಿತದ ಕಠಿಣ ಪರೀಕ್ಷೆಯಲ್ಲಿ ಹನ್ನೊಂದನೆಯ ಸ್ಥಾನ ಪಡೆದನು. ಅರ್ಲ್‌ನ ಮಗ, ಕೇಂಬ್ರಿಜ್ಜಿನ ಪದವೀಧರ; ಆರಾಮವಾದ ಹುದ್ದೆಗೆ ಕೊರತೆಯಿರಲಿಲ್ಲ. ಆದರೆ ಆತ ನೆಟ್ಟಗೆ ಹೋಗಿ ನ್ಯೂಕಾಸಲ್ ಪಟ್ಟಣದ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಲ್ಲಿ ಉಮೇದುವಾರನಾಗಿ ಸೇರಿ, ಮೈಗೆ ಎಣ್ಣೆ ಮಸಿ ಬಳಿದುಕೊಂಡು ಕೆಲಸ ಕಲಿತನು. ಅಲ್ಲಿಂದ ಲೀಡ್ಸ್. 1883ರಲ್ಲಿ ಕ್ಯಾಥರೀನ್ ಬೆಥೆಲ್ ಎಂಬಾಕೆಯೊಡನೆ ಮದುವೆಯಾಯಿತು. ಮರುವರ್ಷ ಗೇಟ್ಸ್‌ಹೆಡ್ಡಿನ ಕ್ಲಾರ್ಕ್ ಚಾಪ್ಮನ್ ಸಂಸ್ಥೆಯಲ್ಲಿ ಕಿರಿಯ ಪಾಲುದಾರನಾದನು. ಟರ್ಬೈನು ಹುಟ್ಟಿದ್ದು ಅಲ್ಲಿ, 1884ರಲ್ಲಿ.

ಅದರ ಮರ್ಮವನ್ನು ತುಸು ಬಿಡಿಸಿ ಹೇಳಬೇಕು. ಹಳೆಯ ಆವಿಯಂತ್ರದಲ್ಲಿ ಹಬೆಯು ಕೊಳವೆಯೊಳಗಿನ ಕೊಂತವನ್ನು ಹಿಂದಕ್ಕೂ ಮುಂದಕ್ಕೂ ನೂಕುವುದು; ಆ ನೂಕಾಟವನ್ನು ತಿರುಗಾಟವಾಗಿ ಮಾರ್ಪಡಿಸಲು ಸನ್ನೆಗಳೂ ತೋಳುಗಳೂ ಬೇಕು. ಪ್ರತಿ ಹೊರಳಿಗೂ ಭಾರವಾದ ಉಕ್ಕು ನಿಂತು ಹಿಂದಿರುಗಬೇಕಾದ್ದರಿಂದ ಯಂತ್ರವು ನಡುಗುವುದು, ವೇಗಕ್ಕೆ ಮಿತಿ ಬೀಳುವುದು. ಹಬೆಯ ಧಾರೆಯನ್ನು ನೇರವಾಗಿ ಚಕ್ರದ ಅಲಗುಗಳಿಗೆ ಬಿಟ್ಟರೆ, ಜಾತ್ರೆಯಲ್ಲಿ ಕೊಳ್ಳುವ ಕಾಗದದ ಗಿರಗಿಟ್ಲೆ ಗಾಳಿಗೆ ತಿರುಗುವಂತೆ ತಿರುಗಲಾರದೇ? ಈ ಯೋಚನೆ ಹಲವರಿಗೆ ಬಂದಿತ್ತು. ತೊಡಕೇನೆಂದರೆ, ಬಿಗಿಹಿಡಿದ ಹಬೆಯನ್ನು ಒಮ್ಮೆಗೇ ಬಿಟ್ಟರೆ ಅದು ಬಂದೂಕಿನ ಗುಂಡನ್ನೂ ಮೀರಿ ಹಾರುವುದು. ಆ ರಭಸಕ್ಕೆ ಹೆಜ್ಜೆಗೂಡಿಸಿ ತಿರುಗಬೇಕಾದ ಚಕ್ರವು ಸಿಡಿದೇ ಹೋಗುವ ಭಯ. ಪಾರ್ಸನ್ಸನು ಹಬೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದನು. ಒಂದು ಸಾಲು ಅಲುಗದ ಅಲಗುಗಳು, ಒಂದು ಸಾಲು ತಿರುಗುವ ಅಲಗುಗಳು. ಮತ್ತೆ ಅಲುಗದವು, ಮತ್ತೆ ತಿರುಗುವವು. ಪ್ರತಿಯೊಂದು ಸಾಲಿನಲ್ಲಿಯೂ ಹಬೆ ತನ್ನ ಬಿಗಿಯನ್ನು ಸ್ವಲ್ಪಸ್ವಲ್ಪವೇ ಒಪ್ಪಿಸುತ್ತ ಸಾಗುವುದು. ಎತ್ತರದ ಜಲಪಾತವನ್ನು ಸಣ್ಣ ಸಣ್ಣ ಝರಿಗಳಾಗಿ ಒಡೆದಂತೆ. ಇಷ್ಟು ಪಳಗಿಸಿದರೂ ಮೊದಲ ಯಂತ್ರವು ನಿಮಿಷಕ್ಕೆ 18,000 ಸುತ್ತು ತಿರುಗಿತು. ಅದರಿಂದ ದೊರೆತ ವಿದ್ಯುತ್ತು ಏಳೂವರೆ ಕಿಲೋವ್ಯಾಟು ಮಾತ್ರ. ಆ ಪುಟ್ಟ ಯಂತ್ರ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ. ನಮ್ಮ ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ, ಕೈಗಾದ ಅಣುಸ್ಥಾವರದಲ್ಲಿ ತಿರುಗುತ್ತಿರುವ ದೈತ್ಯಗಳು ಅದೇ ವಂಶದವು. ಉರುವಲು ಕಲ್ಲಿದ್ದಲಾಗಲಿ ಯುರೇನಿಯಮ್ಮಾಗಲಿ, ಕೊನೆಗೆ ಚಕ್ರವನ್ನು ತಿರುಗಿಸುವುದು ಹಬೆಯೇ.

1889ರಲ್ಲಿ ಪಾಲುದಾರರೊಡನೆ ಮನಸ್ತಾಪವಾಯಿತು. ಪಾರ್ಸನ್ಸನು ಹೊರಬಂದು ಹೀಟನ್ ಎಂಬಲ್ಲಿ ಸ್ವಂತ ಕಾರ್ಖಾನೆ ತೆರೆದನು. ಆದರೆ ಪೇಟೆಂಟಿನ ಹಕ್ಕುಗಳು ಹಳೆಯ ಸಂಸ್ಥೆಯಲ್ಲಿಯೇ ಉಳಿದವು. ತಾನು ಹೆತ್ತ ಕೂಸನ್ನು ತಾನೇ ಎತ್ತಿಕೊಳ್ಳುವಂತಿಲ್ಲ! ಹಬೆಯು ಅಚ್ಚಿನ ಗುಂಟ ಹರಿಯುವ ತನ್ನ ಮೂಲ ವಿನ್ಯಾಸವನ್ನು ಬಳಸಲಾರದೆ, ನಡುವಿನಿಂದ ಅಂಚಿಗೆ ಹರಿಯುವ ಬೇರೊಂದು ಬಗೆಯ ಟರ್ಬೈನನ್ನು ಆತನು ಕಲ್ಪಿಸಬೇಕಾಯಿತು. ಐದು ವರ್ಷ ಹೀಗೆ ಅಡ್ಡದಾರಿಯಲ್ಲಿ ನಡೆದು, 1894ರಲ್ಲಿ ಹಕ್ಕುಗಳನ್ನು ಮರಳಿ ಪಡೆದನು. ಈ ನಡುವೆ 1890ರಲ್ಲಿ ನ್ಯೂಕಾಸಲ್ಲಿನ ಫೋರ್ತ್ ಬ್ಯಾಂಕ್ಸ್ ವಿದ್ಯುದಾಗಾರದಲ್ಲಿ ಆತನ ಟರ್ಬೈನುಗಳು ಊರಿಗೆ ಬೆಳಕು ಕೊಡತೊಡಗಿದ್ದವು. ಅಷ್ಟಕ್ಕೆ ತೃಪ್ತನಾಗಿದ್ದರೆ ಆತ ಸಿರಿವಂತ ಕಾರ್ಖಾನೆದಾರನಾಗಿ ನೆಮ್ಮದಿಯಿಂದ ಬಾಳಬಹುದಿತ್ತು. ಕಣ್ಣು ಕಡಲ ಮೇಲೆ ಬಿತ್ತು.

1894ರ ಆಗಸ್ಟ್ 2ರಂದು ಟೈನ್ ನದಿಯ ದಡದ ವಾಲ್ಸೆಂಡಿನಲ್ಲಿ ‘ಟರ್ಬಿನಿಯಾ’ ನೀರಿಗಿಳಿಯಿತು. ಉದ್ದ 103 ಅಡಿಗೂ ಮಿಕ್ಕಿ. ಅಗಲ ಕೇವಲ 9 ಅಡಿ. ಅಗಲಕ್ಕೆ ಹನ್ನೊಂದು ಪಟ್ಟಿಗೂ ಮೀರಿದ ಉದ್ದ; ಬಾಣವನ್ನು ನೀರ ಮೇಲೆ ಮಲಗಿಸಿದಂಥ ಆಕಾರ. ತೂಕ ಸುಮಾರು 44 ಟನ್ನು. ಈ ಆಕಾರವೂ ಊಹೆಯಿಂದ ಬಂದುದಲ್ಲ. ಎರಡಡಿಯ ಮಾದರಿಯೊಂದನ್ನು ಮಾಡಿ, ಮೀನು ಹಿಡಿಯುವ ಗಾಳದ ಕೋಲಿಗೆ ಕಟ್ಟಿ ಕೊಳದಲ್ಲಿ ಎಳೆದು, ನೀರು ಎಷ್ಟು ತಡೆಯುವುದೆಂದು ಅಳೆದಿದ್ದನು. ಆಮೇಲೆ ಆರಡಿಯ ಮಾದರಿ. ನಾಲ್ವತ್ತು ವರ್ಷದ ಗೃಹಸ್ಥನು ಕೊಳದ ದಂಡೆಯಲ್ಲಿ ಆಟದ ದೋಣಿ ಎಳೆಯುತ್ತ ನಿಂತುದನ್ನು ಕಂಡ ದಾರಿಹೋಕರು ಏನೆಂದುಕೊಂಡರೋ!

ನವೆಂಬರಿನಲ್ಲಿ ಪರೀಕ್ಷೆ ನಡೆಯಿತು. ಟರ್ಬೈನು ಸಾವಿರಗಟ್ಟಲೆ ಸುತ್ತು ತಿರುಗಿತು, ಒಂದೇ ಅಚ್ಚಿಗೆ ಜೋಡಿಸಿದ ತಿರುಪಿನಾಕಾರದ ನೀರಚಕ್ರವೂ ತಿರುಗಿತು. ದೋಣಿ ಮಾತ್ರ ನಿರೀಕ್ಷೆಯ ವೇಗ ತೋರಲಿಲ್ಲ. ನೀರಚಕ್ರವನ್ನು ಬದಲಿಸಿದನು, ಒಂದರ ಬದಲು ಹಲವನ್ನು ಒಂದೇ ಅಚ್ಚಿಗೆ ಪೋಣಿಸಿದನು. ಆದರೂ ವೇಗ 20 ನಾಟ್ ದಾಟಲಿಲ್ಲ. ಅಷ್ಟು ವೇಗವನ್ನು ಹಳೆಯ ಯಂತ್ರಗಳೇ ಕೊಡುತ್ತಿದ್ದವು. ಹಣ ಹಾಕಿದವರು ಕಾದಿದ್ದರು. ಟರ್ಬೈನು ನೆಲದ ಮೇಲಿನ ಯಂತ್ರ, ನೀರಿಗೆ ಒಲ್ಲದು ಎಂದು ತೀರ್ಮಾನಿಸಿ ಕೈತೊಳೆದುಕೊಂಡಿದ್ದರೆ ಯಾರೂ ಆತನನ್ನು ದೂರುತ್ತಿರಲಿಲ್ಲ.

ಪಾರ್ಸನ್ಸನು ಮೊದಲು ಮಾಡಿದ್ದು ತಪ್ಪು ಯಾರದೆಂದು ಪತ್ತೆಹಚ್ಚುವ ಕೆಲಸ. ಯಂತ್ರಕ್ಕೂ ನೀರಚಕ್ರಕ್ಕೂ ನಡುವೆ ಬುಗ್ಗೆತಂತಿಗಳ ಒಂದು ಅಳತೆಯ ಸಾಧನವನ್ನು ಇರಿಸಿ, ಅಚ್ಚು ಎಷ್ಟು ಬಲವನ್ನು ಸಾಗಿಸುತ್ತಿದೆಯೆಂದು ಅಳೆದನು. ಯಂತ್ರ ನಿರಪರಾಧಿ, ದೋಷವಿದ್ದುದು ನೀರಚಕ್ರದಲ್ಲಿ. ಅಲಗು ಮಿತಿಮೀರಿದ ವೇಗದಲ್ಲಿ ತಿರುಗಿದಾಗ ಅದರ ಬೆನ್ನ ಕಡೆ ನೀರಿನ ಒತ್ತಡ ಕುಸಿಯುತ್ತದೆ. ಎಷ್ಟು ಕುಸಿಯುತ್ತದೆಂದರೆ ತಣ್ಣೀರೇ ಅಲ್ಲಿ ಕುದಿದು ಗುಳ್ಳೆಯಾಗುತ್ತದೆ. ಚಕ್ರವು ನೀರನ್ನು ಹಿಡಿದು ನೂಕುವ ಬದಲು ತಾನೇ ತೋಡಿಕೊಂಡ ಪೊಳ್ಳಿನಲ್ಲಿ ಬರಿದೆ ಸುತ್ತುತ್ತದೆ. ಮಳೆ ಹಿಡಿದ ಎರೆಹೊಲದಲ್ಲಿ ಸಿಕ್ಕಿಬಿದ್ದ ಟ್ರ್ಯಾಕ್ಟರಿನ ಗಾಲಿಯನ್ನು ಕಂಡ ನಮ್ಮ ಕಡೆಯವರಿಗೆ ಈ ಸಂಕಟವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಲದ ಬೇರೆ ಕೆಲವು ನೌಕಾಶಿಲ್ಪಿಗಳೂ ಇದೇ ವಿದ್ಯಮಾನವನ್ನು ಗುರುತಿಸಿದ್ದರು. ಅದಕ್ಕೆ ಕ್ಯಾವಿಟೇಷನ್ ಎಂಬ ಹೆಸರೂ ಹುಟ್ಟಿತ್ತು. ಆದರೆ ಅದನ್ನು ಕಣ್ಣಿನಿಂದ ನೋಡಬೇಕೆಂದು ಹಟ ತೊಟ್ಟವನು ಈತ.

ನೋಡುವುದು ಹೇಗೆ? ನೀರೊಳಗೆ ಸುತ್ತುವ ಚಕ್ರದ ಬೆನ್ನಿನ ಗುಳ್ಳೆಯನ್ನು ಕಾಣಬಲ್ಲ ಕಣ್ಣೆಲ್ಲಿದೆ? 1895ರಲ್ಲಿ ತಾಮ್ರದ ಕೊಳವೆಯೊಂದನ್ನು ಚೌಕಾಕಾರವಾಗಿ ಬಳಸಿ, ಅದರೊಳಗೆ ಎರಡಂಗುಲದ ನೀರಚಕ್ರವನ್ನಿಟ್ಟು, ಗಾಜಿನ ಕಿಂಡಿಯಿರಿಸಿದನು. ನೀರನ್ನು ಕುದಿಯುವ ಅಂಚಿನವರೆಗೆ ಕಾಯಿಸಿದನು. ಹಾಗೆ ಮಾಡಿದರೆ ಕಡಿಮೆ ವೇಗದಲ್ಲಿಯೇ ಗುಳ್ಳೆಗಳು ಏಳುವುವು. ಇನ್ನು ಬೆಳಕು. ಚಕ್ರದ ಅಚ್ಚಿನೊಡನೆಯೇ ತಿರುಗುವ ಕನ್ನಡಿಯಿಂದ ಒಂದೊಂದು ಸುತ್ತಿಗೆ ಒಮ್ಮೆ ಮಾತ್ರ ಬೆಳಕು ಮಿಂಚುವಂತೆ ಏರ್ಪಡಿಸಿದನು. ರಭಸದಿಂದ ಸುತ್ತುತ್ತಿದ್ದ ಚಕ್ರವು ಕಣ್ಣಿಗೆ ನಿಂತಂತೆಯೇ ಕಂಡಿತು. ಅಲಗಿನ ಬೆನ್ನಿಗಂಟಿದ ಪೊಳ್ಳು ಸ್ಪಷ್ಟವಾಗಿ ತೋರಿತು. ತಂದೆ ಕನ್ನಡಿಯಿಂದ ಆಕಾಶದ ನೀಹಾರಿಕೆಗಳನ್ನು ಹಿಡಿದಿದ್ದನು. ಮಗನು ಕನ್ನಡಿಯಿಂದ ನೀರ ಗುಳ್ಳೆಯನ್ನು ಹಿಡಿದನು. ಈ ಹೋಲಿಕೆ ನನ್ನದು. ಪಾರ್ಸನ್ಸನಿಗೆ ಇಂಥ ಅಲಂಕಾರಗಳಲ್ಲಿ ಆಸಕ್ತಿಯಿರಲಿಲ್ಲ.

ರೋಗ ತಿಳಿದ ಮೇಲೆ ಮದ್ದು ದೊರೆಯಿತು. ಒಂದು ಟರ್ಬೈನನ್ನು ಕಿತ್ತು ಮೂರನ್ನು ಕೂಡಿಸಿದನು. ಹಬೆಯು ಮೊದಲನೆಯದರಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹರಿಯುವುದು. ಮೂರಕ್ಕೂ ಪ್ರತ್ಯೇಕ ಅಚ್ಚು. ಒಂದೊಂದು ಅಚ್ಚಿಗೂ ಮೂರು ಮೂರು ನೀರಚಕ್ರ, ಒಟ್ಟು ಒಂಬತ್ತು. ಭಾರ ಹಂಚಿಹೋದುದರಿಂದ ಯಾವ ಚಕ್ರವೂ ಪೊಳ್ಳಿಗೆ ಬೀಳಲಿಲ್ಲ. ಹಕ್ಕುಗಳು ಮರಳಿ ಬಂದಿದ್ದರಿಂದ ಈ ಸಲ ಬಳಸಿದ್ದು ತನ್ನ ಮೂಲ ವಿನ್ಯಾಸವನ್ನೇ. 1896ರ ಕೊನೆಯಿಂದ ನಡೆದ ಪರೀಕ್ಷೆಗಳಲ್ಲಿ ವೇಗ ಏರುತ್ತ ಹೋಗಿ, 1897ರಲ್ಲಿ 34 ನಾಟ್ ಮುಟ್ಟಿತು. ಗಂಟೆಗೆ ಸುಮಾರು 63 ಕಿಲೋಮೀಟರು. ನರೇಗಲ್ಲಿನಿಂದ ಗದಗಕ್ಕೆ ಹೋಗುವ ಬಸ್ಸು ಇಂದು ಆ ವೇಗದಲ್ಲಿ ಹೋದರೆ ನಾವು ವಿಶೇಷವೆನ್ನಲಾರೆವು. ಆದರೆ ಅದು ನೀರಿನ ಮೇಲಿನ ವೇಗ, 1897ರ ವೇಗ. ಆಗ ಜಗತ್ತಿನಲ್ಲಿ ಅದಕ್ಕಿಂತ ಜೋರಾಗಿ ಓಡುವ ಹಡಗು ಇರಲಿಲ್ಲ.

ಇನ್ನು ಆ ಪ್ರಸಿದ್ಧ ಪ್ರಸಂಗ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರಮಹೋತ್ಸವಕ್ಕಾಗಿ 1897ರ ಜೂನ್ 26ರಂದು ಸ್ಪಿಟ್‌ಹೆಡ್ಡಿನಲ್ಲಿ ನೂರೈವತ್ತಕ್ಕೂ ಮಿಕ್ಕ ಯುದ್ಧನೌಕೆಗಳು ಸಾಲುಸಾಲಾಗಿ ಲಂಗರು ಹಾಕಿ ನಿಂತಿದ್ದವು. ರಾಣಿಯ ಕಣ್ಣೆದುರಿಗೇ ಟರ್ಬಿನಿಯಾ ಓಡಿತೆಂದು ಬಹುಮಂದಿ ಬರೆಯುತ್ತಾರೆ. ವೃದ್ಧೆಯಾದ ರಾಣಿ ಅಂದು ಬಂದಿರಲಿಲ್ಲ. ಬಂದವನು ಯುವರಾಜ ಎಡ್ವರ್ಡ್. ನೌಕೆಗಳ ಸಾಲುಗಳ ನಡುವೆ, ಯಾರೂ ನುಗ್ಗಬಾರದಾದ ಜಾಗದಲ್ಲಿ, ಟರ್ಬಿನಿಯಾ ನೊರೆಯ ಗೋಡೆಯೆಬ್ಬಿಸಿಕೊಂಡು ಹಾಯ್ದಿತು. ತಡೆಯಲು ಹೊರಟ ಕಾವಲುದೋಣಿಗಳು ಹಿಂದೆ ಉಳಿದವು. ಚುಕ್ಕಾಣಿಯಲ್ಲಿದ್ದವನು ಗೆಳೆಯ ಕ್ರಿಸ್ಟೋಫರ್ ಲೇಲ್ಯಾಂಡ್. ಬಲುಬೇಗ ಬೆಳೆಯುವುದೆಂದು ಇಂಗ್ಲೆಂಡಿನ ತೋಟಗಾರರು ಕೊಂಡಾಡುವ ಸೈಪ್ರಸ್ ಜಾತಿಯ ಮರವೊಂದಕ್ಕೆ ಈತನದೇ ಹೆಸರು. ವೇಗದೊಡನೆ ಆತನ ನಂಟು ಅಲ್ಲಿಯೂ ಉಳಿಯಿತು. ಪಾರ್ಸನ್ಸನು ಕೆಳಗೆ, ಯಂತ್ರದ ಬಳಿ, ಹಬೆಯ ಕೀಲಿಯ ಮೇಲೆ ಕೈಯಿರಿಸಿ ನಿಂತಿದ್ದನು. ಜನ ಬೆರಗಾಗಿ ನೋಡಿದ ಆ ಓಟವನ್ನು ಅದರ ಕರ್ತೃವು ಸರಿಯಾಗಿ ನೋಡಿರಲಾರನು.

ಇದು ಸರ್ಕಾರಕ್ಕೆ ಸಿಡಿಲಿನಂತೆ ಬಂದೆರಗಿದ ಸುದ್ದಿಯೆಂದು ಹೇಳುವುದು ಉತ್ಪ್ರೇಕ್ಷೆ. ಅದೇ ವರ್ಷದ ಏಪ್ರಿಲ್ಲಿನಲ್ಲಿಯೇ ಪಾರ್ಸನ್ಸನು ನೌಕಾಶಿಲ್ಪಿಗಳ ಸಭೆಯಲ್ಲಿ ಟರ್ಬಿನಿಯಾದ ಅಂಕಿ ಅಂಶಗಳನ್ನು ವಿವರವಾಗಿ ಮಂಡಿಸಿದ್ದನು. ಕಾಗದದ ಮೇಲಿನ ಅಂಕಿಗಳಿಗೆ ಅಧಿಕಾರಿಗಳು ಅಲುಗಲಿಲ್ಲ. ಕಣ್ಣೆದುರು ಓಡಿದಾಗ ಅಲುಗಿದರು. ಅಷ್ಟು ಹಡಗುಗಳ ಸಂದಣಿಯಲ್ಲಿ ಆ ವೇಗದಿಂದ ಓಡಿಸಿದ್ದು ವಿವೇಕವೆಂದು ನಾನು ಒಪ್ಪಲಾರೆ. ಒಂದು ಕಾವಲುದೋಣಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಬರ್ ಊರಿನ ಆ ತಿರುವನ್ನು ಕಂಡವನು ಅಂದು ತುಸು ಹಿಂಜರಿಯಬೇಕಿತ್ತು.

ಬೆಲೆ ತೆರಬೇಕಾದ ದಿನವೂ ಬಂತು. ನೌಕಾಪಡೆಯು ಟರ್ಬೈನುಳ್ಳ ಎರಡು ನೌಕೆಗಳನ್ನು ಪಡೆಯಿತು: ವೈಪರ್ ಮತ್ತು ಕೋಬ್ರಾ. 1901ರ ಆಗಸ್ಟ್ 3ರಂದು ವೈಪರ್ ಮಂಜಿನಲ್ಲಿ ದಾರಿ ತಪ್ಪಿ ಆಲ್ಡರ್ನಿ ದ್ವೀಪದ ಬಳಿ ಬಂಡೆಗೆ ಬಡಿಯಿತು, ಜನ ಉಳಿದರು. ಸೆಪ್ಟೆಂಬರ್ 18ರಂದು ಟೈನ್ ನದಿಯಿಂದ ಹೊರಟ ಕೋಬ್ರಾ ನಡುಗಡಲಿನಲ್ಲಿ ಎರಡು ತುಂಡಾಯಿತು. 67 ಮಂದಿ ಸತ್ತರು, ಉಳಿದವರು 12 ಮಂದಿ. ಸತ್ತವರಲ್ಲಿ ಪಾರ್ಸನ್ಸನ ಕಾರ್ಖಾನೆಯ ಕೆಲಸಗಾರರಿದ್ದರು. ಮೊದಲಿನಿಂದ ಜೊತೆಗಿದ್ದ ವ್ಯವಸ್ಥಾಪಕ ರಾಬರ್ಟ್ ಬಾರ್ನಾರ್ಡನೂ ಇದ್ದನು. ವಿಚಾರಣೆಯಲ್ಲಿ ಹಡಗಿನ ಒಡಲು ದುರ್ಬಲವಾಗಿತ್ತೆಂದು ತೀರ್ಪಾಯಿತು; ಟರ್ಬೈನಿನ ಮೇಲೆ ದೋಷ ಬರಲಿಲ್ಲ. ಹಾವಿನ ಹೆಸರುಗಳು ಕೇಡೆಂದು ನೌಕಾಪಡೆ ಆಮೇಲೆ ಅವನ್ನು ಬಿಟ್ಟುಬಿಟ್ಟಿತೆಂದು ಹೇಳುವರು. ಮೂಢನಂಬಿಕೆಗೆ ನಾವೊಬ್ಬರೇ ವಾರಸುದಾರರಲ್ಲ. ಆದರೆ ತೀರ್ಪು ಏನೇ ಹೇಳಲಿ, ಆ ಹಬೆಯಂತ್ರವನ್ನು ನಂಬಿ ಹಡಗೇರಿದ ತನ್ನ ಮನೆಮಂದಿಯಂಥವರನ್ನು ಪಾರ್ಸನ್ಸನು ಕಳೆದುಕೊಂಡಿದ್ದನು.

ಟರ್ಬೈನು ಅಲ್ಲಿಗೇ ಮುಳುಗಬಹುದಿತ್ತು. ಅದೇ 1901ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ನದೀಮುಖದಲ್ಲಿ ‘ಕಿಂಗ್ ಎಡ್ವರ್ಡ್’ ಎಂಬ ಪ್ರಯಾಣಿಕರ ಹಡಗು ಟರ್ಬೈನಿನಿಂದ ಸುಗಮವಾಗಿ ಓಡಿ ಅದನ್ನು ತೇಲಿಸಿತು. ಮುಂದಿನದು ಎಲ್ಲರೂ ಬಲ್ಲ ಇತಿಹಾಸ. 1906ರಲ್ಲಿ ಡ್ರೆಡ್‌ನಾಟ್ ಮಹಾನೌಕೆ, 1907ರಲ್ಲಿ ಲುಸಿಟಾನಿಯಾ ಮತ್ತು ಮಾರಿಟಾನಿಯಾ. ಸ್ಪಿಟ್‌ಹೆಡ್ಡಿನಿಂದ ಹತ್ತು ವರ್ಷಗಳೊಳಗೆ, ಸುಮಾರು 2,000 ಅಶ್ವಶಕ್ತಿಯ ಟರ್ಬಿನಿಯಾದಿಂದ ಸುಮಾರು 70,000 ಅಶ್ವಶಕ್ತಿಯ ಮಾರಿಟಾನಿಯಾಕ್ಕೆ! ಅಟ್ಲಾಂಟಿಕ್ ದಾಟುವ ವೇಗದ ಕೀರ್ತಿಯನ್ನು ಮಾರಿಟಾನಿಯಾ 1929ರವರೆಗೆ ಉಳಿಸಿಕೊಂಡಿತು. ಹಬೆಯ ಬದಲು ಉರಿಯುವ ಅನಿಲದಿಂದಲೇ ತಿರುಗುವ ಟರ್ಬೈನು ಬಂದ ಮೇಲೆ ಡೊನಾಲ್ಡ್ ಕ್ಯಾಂಪ್‌ಬೆಲ್ಲನು 1955ರಲ್ಲಿ ತನ್ನ ಬ್ಲೂಬರ್ಡ್ ದೋಣಿಯನ್ನು ಗಂಟೆಗೆ 325 ಕಿಲೋಮೀಟರು ವೇಗದಿಂದ ಓಡಿಸಿ, 1967ರ ಜನವರಿ 4ರಂದು ಕಾನಿಸ್ಟನ್ ಸರೋವರದಲ್ಲಿ ಅದೇ ದೋಣಿಯೊಡನೆ ಮುಳುಗಿದನು. ಅದು ಬೇರೆಯೇ ಕಥೆ.

ಸರ್ ಬಿರುದು, 1927ರಲ್ಲಿ ಆರ್ಡರ್ ಆಫ್ ಮೆರಿಟ್, ಮರುವರ್ಷ ರಾಯಲ್ ಸೊಸೈಟಿಯ ಕಾಪ್ಲೆ ಪದಕ, ಎಲ್ಲವೂ ಪಾರ್ಸನ್ಸನಿಗೆ ಬಂದವು. ಸಂಕೋಚದ ಸ್ವಭಾವದವನು, ಸಭೆಯಲ್ಲಿ ಮಾತು ತಡವರಿಸುವವನು. ಬಿರುದಿಗಿಂತ ಕಮ್ಮಟವೇ ಆತನಿಗೆ ಪ್ರಿಯ. ಇದ್ದಿಲಿನಿಂದ ವಜ್ರ ಮಾಡಬೇಕೆಂದು ಹಲವು ವರ್ಷ, ಅಪಾರ ಹಣ ವ್ಯಯಿಸಿ ಸೋತನು. ಕೊನೆಗೆ ತಾನಾಗಲಿ ತನಗಿಂತ ಹಿಂದಿನವರಾಗಲಿ ನಿಜವಾದ ವಜ್ರವನ್ನು ಮಾಡಿರಲಾರರೆಂದು ಬಹಿರಂಗವಾಗಿ ಸಾರಿದನು. ಪಂಡಿತವರ್ಗದಲ್ಲಿ ಅಪರೂಪವಾದ ಈ ಗುಣವನ್ನು ನಾನು ಟರ್ಬೈನಿಗೆ ಸಮನಾಗಿ ಗಣಿಸುತ್ತೇನೆ.

ಮನೆಯ ಕಥೆ ಸುಖದ್ದಲ್ಲ. ಒಬ್ಬನೇ ಮಗ ಅಲ್ಜರ್ನಾನ್ 1918ರ ಏಪ್ರಿಲ್ಲಿನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಮಗಳು ರೇಚಲ್ ಕೇಂಬ್ರಿಜ್ಜಿನಲ್ಲಿ ಯಂತ್ರಶಾಸ್ತ್ರ ಓದಿದ ಮೊದಲ ಹೆಣ್ಣುಮಕ್ಕಳಲ್ಲೊಬ್ಬಳು. ಯುದ್ಧಕಾಲದಲ್ಲಿ ಸಹೋದರನ ಸ್ಥಾನದಲ್ಲಿ ಕಾರ್ಖಾನೆಯ ನಿರ್ದೇಶಕಿಯಾಗಿ, ಸ್ತ್ರೀ ಕೆಲಸಗಾರರಿಗೆ ತರಬೇತಿ ಕೊಡಿಸಿದಳು. ಯುದ್ಧ ಮುಗಿದೊಡನೆ, ಗಂಡಸರ ಕೆಲಸವನ್ನು ಗಂಡಸರಿಗೇ ಮರಳಿ ಕೊಡಬೇಕೆಂಬ ಕಾನೂನು 1919ರಲ್ಲಿ ಬಂದು ಸಾವಿರಾರು ಹೆಂಗಸರು ಹೊರಬಿದ್ದರು. ಆ ವರ್ಷವೇ ತಾಯಿ ಕ್ಯಾಥರೀನಳೂ ರೇಚಲಳೂ ಕೆಲವು ಗೆಳತಿಯರೊಡನೆ ಸ್ತ್ರೀ ಇಂಜಿನಿಯರುಗಳ ಸಂಘವನ್ನು ಸ್ಥಾಪಿಸಿದರು. ರೇಚಲಳೇ ಮೊದಲ ಅಧ್ಯಕ್ಷೆ. ಆದರೆ ತಂದೆಯ ಕಾರ್ಖಾನೆಯಲ್ಲಿ ಆಕೆಯ ಸ್ಥಾನ ಉಳಿಯಲಿಲ್ಲ. ತಂದೆ ಮಗಳ ನಡುವೆ ಬಿರುಕು ಬಿದ್ದಿತೆಂದು ಹೇಳುತ್ತಾರೆ. ನೀರಿನ ಗುಳ್ಳೆಯನ್ನು ಕಾಣಲು ಬೆಳಕಿನ ಯಂತ್ರ ಕಟ್ಟಿದವನಿಗೆ ಕಣ್ಣೆದುರೇ ಬೆಳೆದ ಮಗಳ ಯೋಗ್ಯತೆ ಪೂರ್ಣವಾಗಿ ಕಾಣದೆಹೋಯಿತೇ ಎಂಬ ವ್ಯಥೆ ನನಗೆ. ನನ್ನ ತರಗತಿಯ ಹೆಣ್ಣುಮಕ್ಕಳು ಈ ಬಾಳಿನಲ್ಲಿ ಮೊದಲು ಕೇಳುವುದು ರೇಚಲಳ ವಿಷಯವನ್ನೇ.

1931ರ ಫೆಬ್ರವರಿ 11ರಂದು, ವಿಹಾರಯಾತ್ರೆಯಲ್ಲಿದ್ದಾಗ, ಜಮೈಕಾದ ಕಿಂಗ್‌ಸ್ಟನ್ ಬಂದರಿನಲ್ಲಿ ‘ಡಚೆಸ್ ಆಫ್ ರಿಚ್ಮಂಡ್’ ಹಡಗಿನ ಮೇಲೆಯೇ ಪಾರ್ಸನ್ಸನು ತೀರಿಕೊಂಡನು. ಅದೂ ಟರ್ಬೈನಿನಿಂದ ಓಡುವ ಹಡಗು. ನಾರ್ತಂಬರ್ಲೆಂಡಿನ ಕರ್ಕ್‌ವೆಲ್ಪಿಂಗ್ಟನ್ ಎಂಬ ಹಳ್ಳಿಯ ಚರ್ಚಿನ ಆವರಣದಲ್ಲಿ ಆತನ ಸಮಾಧಿಯಿದೆ.

ಟರ್ಬಿನಿಯಾದ ಗತಿಯನ್ನೂ ಹೇಳಬೇಕು. 1907ರಲ್ಲಿ ಟೈನ್ ನದಿಗೆ ಆಗತಾನೆ ಇಳಿಸಿದ ಹಡಗೊಂದು ಬಂದು ಬಡಿದು ಅದನ್ನು ಜಜ್ಜಿಹಾಕಿತು. ದುರಸ್ತಿಯಾದರೂ ಮುಂದೆ ಹೆಚ್ಚು ಓಡಲಿಲ್ಲ. ಕಡೆಗೆ ಅದನ್ನು ನಡುವೆ ಕತ್ತರಿಸಿ, ಯಂತ್ರಗಳಿದ್ದ ಹಿಂಭಾಗವನ್ನು 1927ರಲ್ಲಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿರಿಸಿದರು. ಮುಂಭಾಗ ನ್ಯೂಕಾಸಲ್ಲಿಗೆ ಬಂತು. 1960ರ ಸುಮಾರಿಗೆ ಎರಡನ್ನೂ ಮತ್ತೆ ಬೆಸೆದರು. 1994ರಿಂದ ಅದು ನ್ಯೂಕಾಸಲ್ಲಿನ ಡಿಸ್ಕವರಿ ಸಂಗ್ರಹಾಲಯದಲ್ಲಿದೆ.